ಏಳನೆಯ ಹಾಳೆ

ಜನವರಿ 6

ಪ್ರೀತಿಯ ಗಿಣಿ,

ನೀನು ಕೆಲಸಕ್ಕೆ ಹಿಂತಿರುಗಿ ಹದಿನೇಳು ದಿನವಾಯಿತು. ಫೋನ್ ಮಾಡುತ್ತೀಯ, ಇಲ್ಲವೆನ್ನುವುದಿಲ್ಲ. ಆದರೆ ಮೂವತ್ತು ವರ್ಷ ಲಿಫ್ಟಿನ ಮೋಟಾರ್ ಕೋಣೆಗಳಲ್ಲಿ ನಿಂತು ನಿಂತು ನನ್ನ ಕಿವಿ ಹೋಗಿದೆ. ಫೋನಿನಲ್ಲಿ ಅರ್ಧ ನನಗೆ ಕೇಳಿಸುವುದಿಲ್ಲ, ಇನ್ನರ್ಧ ನೀನು ಹೇಳುವುದಿಲ್ಲ. ಅದಕ್ಕೇ ಈ ಕಾಗದ.

ನಿನ್ನಮ್ಮನ ಕೊನೆಯ ದಿನದ ಬಗ್ಗೆ ಬರೆಯಬೇಕು. ನೀನು ಬಂದಾಗ ಎಲ್ಲ ಮುಗಿದಿತ್ತು, ಮನೆ ತುಂಬ ಜನ, ನಿನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

ಪಿತ್ತಕೋಶದ ಕಲ್ಲು ತೆಗೆದ ಮೂರನೇ ದಿನ ಅದು. ಬೆಳಗಿನ ಹತ್ತು ಗಂಟೆ. ಅವಳು ಎದ್ದು ಕೂತು ತಲೆ ಬಾಚಿಕೊಂಡಿದ್ದಳು. "ನಾಳೆ ಮನೆಗೆ ಬಿಡ್ತಾರಂತೆ. ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತೀರ, ಮನೆ ನಲ್ಲಿ ಮಾತ್ರ ಸೋರ್ತಾನೇ ಇರಲಿ" ಎಂದು ನನ್ನನ್ನು ಛೇಡಿಸುತ್ತಿದ್ದಳು. ಆಗ ಒಬ್ಬ ಸಿಸ್ಟರ್ ಬಂದಳು. ನಿನ್ನ ವಯಸ್ಸಿನವಳು, ಎಡಗೆನ್ನೆಯ ಮೇಲೊಂದು ಮಚ್ಚೆ. ಕೈಗೆ ಹಾಕಿದ್ದ ಸೂಜಿಯ ಕೊಳವೆಯೊಳಗೆ ಸಿರಿಂಜಿನಿಂದ ಏನೋ ಬಿಟ್ಟಳು. ನಿನ್ನಮ್ಮ ತಟ್ಟನೆ, "ರೀ, ಕೈ ಉರೀತಿದೆ ರೀ, ಬೆಂಕಿ ಇಟ್ಟ ಹಾಗೆ" ಎಂದಳು.

ಸಿಸ್ಟರ್ ಕೈ ನಿಲ್ಲಿಸಿದಳು. ಟ್ರೇ ಕಡೆ ನೋಡಿದಳು. ಅವಳ ಮುಖ ಸುಣ್ಣ ಬಳಿದಂತಾದದ್ದನ್ನು ನಾನು ಕಣ್ಣಾರೆ ಕಂಡೆ, ಗಿಣಿ. "ಡಾಕ್ಟ್ರನ್ನ ಕರೀರಿ, ಓಡಿ" ಎಂದಳು. ಓಡಿದೆ. ವಾಪಸು ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ನಲವತ್ತು ನಿಮಿಷ ಹೊರಗೆ ನಿಂತಿದ್ದೆ. ಆಮೇಲೆ ಅದು ತೆರೆಯಿತು.

ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ 'ಹಠಾತ್ ಹೃದಯ ಸ್ತಂಭನ' ಎಂದಿದೆ. ನಿಂತಿತು ಎಂಬುದು ನನಗೂ ಗೊತ್ತು. ಲಿಫ್ಟ್ ನಿಂತಿದೆ ಎಂದಷ್ಟೇ ನಾನು ಬರೆದುಕೊಟ್ಟರೆ ಯಾರು ಒಪ್ಪುತ್ತಾರೆ? ಯಾಕೆ ನಿಂತಿತು ಎಂದು ಕೇಳುವುದಿಲ್ಲವೇ?

ನೀನು ನರ್ಸು. ನಿನಗೆ ಗೊತ್ತಿರಬೇಕು. ಕೈ ಯಾಕೆ ಉರಿಯಿತು?

ನಿನ್ನ ಅಪ್ಪ


ಜನವರಿ 22

ಅಪ್ಪ,

ತಡವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ವಾರ್ಡಿನಲ್ಲಿ ಕೆಲಸ ಜಾಸ್ತಿ.

ಸಿರಿಂಜ್ ದೊಡ್ಡದೋ ಚಿಕ್ಕದೋ? ಒಳಗಿದ್ದದ್ದು ನೀರಿನ ಹಾಗೆ ತಿಳಿಯಾಗಿತ್ತೇ? ಅವಳು ನೋಡಿದ ಟ್ರೇ ಮೇಲೆ ಎಷ್ಟು ಸೀಸೆಗಳಿದ್ದವು? ಉರಿ ಎಂದ ಮೇಲೆ ಅಮ್ಮ ಮತ್ತೇನಾದರೂ ಹೇಳಿದಳೇ?

ನೆನಪಾದಷ್ಟು ಬರೆಯಿರಿ. ಆಸ್ಪತ್ರೆಯಿಂದ ಕೇಸ್ ಶೀಟಿನ ನಕಲು ಕೇಳಿ ತೆಗೆದುಕೊಳ್ಳಿ. ಎಲ್ಲ ಹಾಳೆಗಳೂ ಬೇಕು. ಯಾಕೆ ಎಂದು ಈಗ ಕೇಳಬೇಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ಮಗಳು


ಫೆಬ್ರುವರಿ 9

ಪ್ರೀತಿಯ ಗಿಣಿ,

ಸಿರಿಂಜ್ ದೊಡ್ಡದೇ. ಒಳಗಿದ್ದದ್ದು ನೀರಿನಂತೆ ತಿಳಿ. ಟ್ರೇ ಮೇಲೆ ಎಷ್ಟು ಸೀಸೆ ಇದ್ದವೋ ಎಣಿಸಲಿಲ್ಲ. ಎಣಿಸಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು? ನಿನ್ನಮ್ಮ ಆಮೇಲೆ ಏನು ಹೇಳಿದಳೋ ನನಗೆ ತಿಳಿಯದು. ನಾನು ಓಡುತ್ತಿದ್ದೆ.

ಕೇಸ್ ಶೀಟ್ ಕೇಳಲು ಐದು ಸಲ ಹೋದೆ. ದಾಖಲೆ ಕೊಡುವ ಕೋಣೆ ನೆಲಮಾಳಿಗೆಯಲ್ಲಿದೆ. ಕಬ್ಬಿಣದ ಕಪಾಟುಗಳು, ಒಂದೇ ಟ್ಯೂಬ್‌ಲೈಟು, ಅದೂ ಮಿಣಮಿಣ ಎನ್ನುತ್ತಿರುತ್ತದೆ. ಗುಮಾಸ್ತ ಮೊದಲ ದಿನ ಕುರ್ಚಿ ಕೊಟ್ಟ. ಎರಡನೇ ದಿನ, "ಯಾಕೆ ಸಾರ್ ಬೇಕು?" ಎಂದ. ಮೂರನೇ ದಿನ ಕುರ್ಚಿಯೂ ಇಲ್ಲ. ಐದನೇ ಸಲ ನಕಲು ಸಿಕ್ಕಿತು.

ಮನೆಗೆ ತಂದು ಮೇಜಿನ ಮೇಲೆ ಒಂದೊಂದಾಗಿ ಹರವಿದೆ. ಆರನೆಯ ಹಾಳೆ ಆದಮೇಲೆ ಎಂಟನೆಯದು. ಏಳು ಇಲ್ಲ. ಆರನೆಯದರ ಕೊನೆಯಲ್ಲಿ 'ರೋಗಿ ಚೆನ್ನಾಗಿದ್ದಾರೆ' ಎಂದಿದೆ. ಎಂಟನೆಯದು ಶುರುವಾಗುವುದು ನಿನ್ನಮ್ಮ ಹೋದ ಸಮಯದಿಂದ.

ಮತ್ತೆ ಹೋಗಿ ಕೇಳಿದೆ. "ನಂಬರ್ ಹಾಕುವಾಗ ತಪ್ಪಿರಬೇಕು ಸಾರ್, ಏಳು ಅಂತ ಹಾಳೆನೇ ಇರ್ಲಿಲ್ಲ" ಎಂದ ಗುಮಾಸ್ತ, ನನ್ನ ಮುಖ ನೋಡದೆ.

ನಮ್ಮ ಕೆಲಸದಲ್ಲಿ ಏನೇ ತಪ್ಪಾದರೂ ಬರೆದಿಡಲು ಮೋಟಾರ್ ಕೋಣೆಯ ಗೋಡೆಗೆ ಒಂದು ರಿಜಿಸ್ಟರ್ ತೂಗುಹಾಕಿರುತ್ತಾರೆ. ಒಂದು ಸಲ ನಾನು ರಿಪೇರಿಗೆಂದು ಬಾಗಿಲಿನ ಸ್ವಿಚ್ಚಿಗೆ ತಾತ್ಕಾಲಿಕವಾಗಿ ಕಟ್ಟಿದ್ದ ತಂತಿಯನ್ನು ಬಿಚ್ಚಲು ಮರೆತು ಬಂದಿದ್ದೆ. ಬಾಗಿಲು ತೆರೆದಿರುವಾಗಲೇ ಲಿಫ್ಟ್ ಮೇಲೇರಿತು. ಒಬ್ಬ ಹೆಂಗಸಿನ ಸೆರಗು ಸಿಕ್ಕಿಕೊಂಡು ಹರಿಯಿತು, ಜೀವ ಉಳಿಯಿತು. ಅದನ್ನು ನನ್ನ ಕೈಯಿಂದಲೇ ರಿಜಿಸ್ಟರಿನಲ್ಲಿ ಬರೆದೆ. ಬೈಸಿಕೊಂಡೆ. ಆದರೆ ಅವತ್ತಿನಿಂದ ನಮ್ಮ ಕಂಪನಿಯ ತಂತಿಗಳಿಗೆಲ್ಲ ಒಂದು ಕೆಂಪು ಪಟ್ಟಿ ಕಟ್ಟಿರುತ್ತಾರೆ, ಮರೆಯಬಾರದೆಂದು. ಈ ಆಸ್ಪತ್ರೆಯ ರಿಜಿಸ್ಟರ್ ಎಲ್ಲಿದೆ?

ಇನ್ನೊಂದು ವಿಷಯ. ಗುಮಾಸ್ತನ ಹತ್ತಿರ ಮಾತಾಡಿ ನಾನು ಮೆಟ್ಟಿಲು ಹತ್ತಿ ಹೊರಗೆ ಹೊರಟಿದ್ದೆ. ಹಿಂದೆ ಯಾರೋ ಅವಸರದಲ್ಲಿ ಬಂದ ಸದ್ದು. ಅವಳೇ, ಮಚ್ಚೆಯ ಹುಡುಗಿ. ಎರಡು ಮೆಟ್ಟಿಲು ಕೆಳಗೆ ನಿಂತಳು. ಕೈಯಲ್ಲೊಂದು ಕೊಡೆ.

"ಸಾರ್... ನಿಮ್ಮ ಕೊಡೆ ಬಿಟ್ಟು ಬಂದಿದ್ರಿ."

"ನನ್ನ ಹತ್ರ ಕೊಡೆನೇ ಇಲ್ವಲ್ಲಮ್ಮ" ಎಂದೆ.

ಅವಳು ಹೋಗಲಿಲ್ಲ. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಕೆಳಗಿನಿಂದ ಯಾರೋ ಅವಳನ್ನು ಕೂಗಿದರು. ಬೆಚ್ಚಿಬಿದ್ದವಳಂತೆ ತಿರುಗಿ ಹೋಗಿಬಿಟ್ಟಳು.

ಹೊರಗೆ ಬಿಸಿಲು ಸುಡುತ್ತಿತ್ತು, ಗಿಣಿ. ಮೋಡದ ಸುಳಿವೂ ಇರಲಿಲ್ಲ.

ನಿನ್ನ ಅಪ್ಪ


ಮಾರ್ಚ್ 3

ಗಿಣಿ,

ಇಪ್ಪತ್ತೆರಡು ದಿನ. ಉತ್ತರವಿಲ್ಲ. ಫೋನ್ ಮಾಡಿದರೆ "ಡ್ಯೂಟೀಲಿದೀನಿ ಅಪ್ಪ" ಎನ್ನುತ್ತೀಯ. ಚಿಕ್ಕವಳಿದ್ದಾಗ ನಿನ್ನ ಬಾಯಿ ಮುಚ್ಚಿಸಲು ನಿನ್ನಮ್ಮ ಕೈಮುಗಿಯುತ್ತಿದ್ದಳು. ಅದಕ್ಕೇ ಆ ಹೆಸರು ಬಿದ್ದದ್ದು. ಈಗ ನಿನಗೇನಾಗಿದೆ?

ನಿನಗೆ ಗೊತ್ತಿದೆ. ಜನವರಿಯ ನಿನ್ನ ಪ್ರಶ್ನೆಗಳನ್ನು ಇನ್ನೊಮ್ಮೆ ಓದಿದೆ. ಗೊತ್ತಿಲ್ಲದವರು ಹಾಗೆ ಕೇಳುವುದಿಲ್ಲ. ನೀನೂ ಆ ಗುಮಾಸ್ತನಂತೆ ಮುಖ ತಿರುಗಿಸಬೇಡ.

ಅಪ್ಪ


ಮಾರ್ಚ್ 15

ಅಪ್ಪ,

ಹೌದು, ಗೊತ್ತಿದೆ. ನಿಮ್ಮ ಮೊದಲ ಪತ್ರ ಓದಿದ ಕ್ಷಣದಲ್ಲೇ ಗೊತ್ತಾಯಿತು.

ಕೈಗೆ ಹಾಕಿದ ಕೊಳವೆ ಕಟ್ಟಿಕೊಳ್ಳದಿರಲಿ ಎಂದು ನಾವು ಆಗಾಗ ಉಪ್ಪುನೀರು ಬಿಟ್ಟು ತೊಳೆಯುತ್ತೇವೆ. ಅದು ಒಂದು ಪುಟ್ಟ ಸೀಸೆಯಲ್ಲಿ ಬರುತ್ತದೆ. ಪೊಟ್ಯಾಸಿಯಂ ಎಂಬ ಔಷಧವೂ ಹೆಚ್ಚುಕಡಿಮೆ ಅಂಥದೇ ಸೀಸೆಯಲ್ಲಿ ಬರುತ್ತದೆ. ಅದನ್ನು ದೊಡ್ಡ ಡ್ರಿಪ್ ಬಾಟಲಿಯಲ್ಲಿ ಬೆರೆಸಿ ಗಂಟೆಗಟ್ಟಲೆ ಹನಿಹನಿಯಾಗಿ ಕೊಡಬೇಕು. ಹಾಗೇ ನೇರವಾಗಿ ಬಿಟ್ಟರೆ ನರ ಸುಡುತ್ತದೆ. ಆಮೇಲೆ ಹೃದಯ ನಿಲ್ಲುತ್ತದೆ. ಅಲ್ಲಿ ಆಗಿದ್ದು ಅದೇ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಉರಿ ಎಂಬ ಮಾತಿಗೆ ನನಗೆ ಬೇರೆ ಕಾರಣ ತೋಚುತ್ತಿಲ್ಲ.

ಇದನ್ನು ಜನವರಿಯಲ್ಲೇ ಯಾಕೆ ಬರೆಯಲಿಲ್ಲ ಎನ್ನುತ್ತೀರಿ. ಬರೆಯುತ್ತೇನೆ. ಕೂತುಕೊಂಡು ಓದಿ.

ಜನವರಿ ಐದರ ಬೆಳಗ್ಗೆ ನನ್ನ ವಾರ್ಡಿನಲ್ಲಿ ಒಬ್ಬ ಬಸ್ ಡ್ರೈವರ್ ಇದ್ದರು. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣಿಗೆಂದು ಸೇರಿದ್ದವರು. ಚಾರ್ಟಿನಲ್ಲಿ ಇನ್ಸುಲಿನ್ ನಾಲ್ಕು ಯೂನಿಟ್ ಎಂದು ಬರೆದಿತ್ತು. ಯೂನಿಟ್ ಎನ್ನುವುದಕ್ಕೆ ಡಾಕ್ಟರು ಇಂಗ್ಲಿಷಿನ 'ಯು' ಅಕ್ಷರವನ್ನಷ್ಟೇ ಗೀಚುತ್ತಾರೆ. ಅವಸರದಲ್ಲಿ ಅದರ ಬಾಯಿ ಮುಚ್ಚಿಹೋದರೆ ಅದು ಸೊನ್ನೆ. ನಾನು ನಲವತ್ತು ಎಂದು ಓದಿದೆ. ಸಿರಿಂಜ್ ಪೂರ್ತಿ ತುಂಬಿತು. ಇಷ್ಟೊಂದು ಯಾಕೆ ಎಂದು ಒಂದು ಸಲ ಅನ್ನಿಸಿತು, ಅಪ್ಪ. ಅನ್ನಿಸಿತು. ಆ ಕಡೆ ಇನ್ನೊಬ್ಬರು ಕೂಗುತ್ತಿದ್ದರು. ಕೊಟ್ಟುಬಿಟ್ಟೆ.

ಒಂದೂವರೆ ಗಂಟೆಯ ಮೇಲೆ ಅವರು ಬೆವರಿನಲ್ಲಿ ತೊಯ್ದು ಬಿದ್ದಿದ್ದರು. ಎರಡು ದಿನ ಪ್ರಜ್ಞೆ ಬರಲಿಲ್ಲ. ಈಗ ಬಂದಿದೆ. ಆದರೆ ಇಪ್ಪತ್ತು ವರ್ಷ ಓಡಿಸಿದ ಬಸ್ಸಿನ ದಾರಿ ನೆನಪಿಲ್ಲ. ಹೆಂಡತಿಯನ್ನು 'ಅಕ್ಕ' ಎಂದು ಕರೆಯುತ್ತಾರೆ.

ಹೆಡ್ ಸಿಸ್ಟರಿಗೆ ಅದೇ ಗಳಿಗೆಯಲ್ಲಿ ಹೇಳಿದೆ. ಅವರು ಬಾಗಿಲು ಮುಚ್ಚಿ, "ನಿನ್ನ ತಾಯಿ ಹೋಗಿ ಇನ್ನೂ ತಿಂಗಳಾಗಿದೆ ಅಷ್ಟೆ. ಬಾಯಿ ಬಿಡ್ಬೇಡ. ಚಾರ್ಟು ನಾನು ನೋಡ್ಕೋತೀನಿ" ಎಂದರು. ಮಾರನೇ ದಿನ ಚಾರ್ಟು ಹೊಸದಾಗಿತ್ತು. ನಿಮ್ಮ ಪತ್ರ ನನ್ನ ಕೈಸೇರಿದ್ದು ಅದಾದ ಎರಡು ದಿನಕ್ಕೆ.

ಆ ಡ್ರೈವರರ ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವರು. ವಾರಕ್ಕೊಮ್ಮೆ ಅವರನ್ನು ಆಸ್ಪತ್ರೆಗೆ ತೋರಿಸಲು ಕರೆತರುತ್ತಾರೆ. ಬಂದಾಗಲೆಲ್ಲ ನನ್ನ ಕೈ ಹಿಡಿದುಕೊಂಡು, "ನಿಮ್ಮಿಂದಾನೇ ಇವ್ರು ಉಳಿದ್ರು ಸಿಸ್ಟರ್" ಎನ್ನುತ್ತಾರೆ. ಇಸ್ತ್ರಿಯಿಂದ ಗಟ್ಟಿಯಾದ ಕೈ. ನಾನು ನಗುತ್ತೇನೆ.

ನೀವು ಅಲ್ಲಿ ಕೌಂಟರಿನ ಮುಂದೆ ನಿಂತು ಕೇಳುವ ಪ್ರಶ್ನೆಯನ್ನು ಇಲ್ಲಿ ನನಗೆ ಕೇಳುವವರಿಲ್ಲ. ಕೇಳಬೇಕೆಂದು ಆಕೆಗೆ ತಿಳಿದೇ ಇಲ್ಲ.

ಹೇಳಿಬಿಡಲೇ? ನೀವು ಹೇಳಿದಂತೆ ಮಾಡುತ್ತೇನೆ.

ಗಿಣಿ


ಮಾರ್ಚ್ 19

ಗಿಣಿ,

ಬೇಡ. ಯಾರಿಗೂ ಹೇಳಬೇಡ. ನಿನ್ನ ಪತ್ರವನ್ನು ಒಲೆಗೆ ಹಾಕಿದ್ದೇನೆ. ನೀನು ಇದನ್ನೂ ಸುಟ್ಟುಬಿಡು. ಫೋನಿನಲ್ಲಿ ಈ ಮಾತೆತ್ತಬೇಡ.

ಹೇಳಿದರೆ ಆ ಮನುಷ್ಯನ ನೆನಪು ವಾಪಸು ಬರುತ್ತದೆಯೇ? ನಿನ್ನ ಕೆಲಸ ಹೋಗುತ್ತದೆ, ಪೊಲೀಸರು ಬರುತ್ತಾರೆ. ನನಗೆ ಉಳಿದಿರುವವಳು ನೀನೊಬ್ಬಳು.

ನಿನ್ನಮ್ಮನ ಕೇಸ್ ಶೀಟಿನ ವಿಷಯ ನನಗೆ ಬಿಡು. ಅದು ಬೇರೆ, ಇದು ಬೇರೆ.

ಅಪ್ಪ


ಏಪ್ರಿಲ್ 4

ಅಪ್ಪ,

ಸರಿ. ನೀವು ಹೇಳಿದ ಹಾಗೇ.

ಒಂದು ಸಂಗತಿ ಮಾತ್ರ ಬರೆಯುತ್ತೇನೆ. ನಿನ್ನೆ ಮಧ್ಯಾಹ್ನ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಔಷಧದ ಮೇಜಿನ ಹತ್ತಿರ ನಿಂತಿದ್ದಳು. ಅವಳ ಕೈಯಲ್ಲಿದ್ದ ಸಿರಿಂಜ್ ಪೂರ್ತಿ ತುಂಬಿತ್ತು. ಎಷ್ಟು ಎಂದೆ. "ಅರವತ್ತು, ಅಕ್ಕ. ನಲವತ್ತು ಆಯ್ತು, ಇನ್ನೊಂದು ಸಿರಿಂಜಲ್ಲಿ ಇಪ್ಪತ್ತು" ಎಂದಳು. ಚಾರ್ಟು ಕಿತ್ತುಕೊಂಡು ನೋಡಿದೆ. ಆರರ ಪಕ್ಕದಲ್ಲಿ ಅದೇ ಅಕ್ಷರ, ಬಾಯಿ ಮುಚ್ಚಿಕೊಂಡು ಕೂತಿತ್ತು.

ಡಾಕ್ಟರಿಗೆ ತೋರಿಸಿದೆ. "ನೋಡಿ ಕೊಡ್ಬೇಕಮ್ಮ, ಕಣ್ಣಿಲ್ವಾ?" ಎಂದು ಮುಂದಿನ ಹಾಸಿಗೆಗೆ ಹೋದರು. ಜನವರಿಯಲ್ಲಿ ಏನಾಯಿತೆಂದು ಅವರಿಗೆ ಯಾರೂ ಹೇಳಿಲ್ಲ. ಹೊಸ ಹುಡುಗಿಗೂ ಇಲ್ಲ. ನಾನು ಹೇಳಿಲ್ಲವಲ್ಲ.

ಇವತ್ತು ನನಗೆ ರಜೆ. ಈಗ ಆ ಮೇಜಿನ ಹತ್ತಿರ ಯಾರು ನಿಂತಿದ್ದಾರೋ.

ಗಿಣಿ


ಏಪ್ರಿಲ್ 20

ಪ್ರೀತಿಯ ಗಿಣಿ,

ನಾನು ಬರೆದದ್ದು ತಪ್ಪು. ಹೇಗೆ ತಿಳಿಯಿತೆಂದು ಹೇಳುತ್ತೇನೆ.

ಮಚ್ಚೆಯ ಹುಡುಗಿಯನ್ನು ಹಿಡಿದು ಬಾಯಿ ಬಿಡಿಸಲೇಬೇಕೆಂದು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಆರು ದಿನ ಕಾದೆ. ಎರಡು ಗಂಟೆಗೆ ಪಾಳಿ ಬದಲಾಗುತ್ತದೆ. ಏಳನೇ ದಿನ ಸಿಕ್ಕಳು. ನನ್ನನ್ನು ಕಂಡು ಓಡಿಹೋಗುತ್ತಾಳೆಂದುಕೊಂಡಿದ್ದೆ. ಓಡಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಸಿದು ಕೂತಳು.

"ಅವತ್ತು ಮೆಟ್ಟಿಲ ಹತ್ರ ಏನೋ ಹೇಳೋಕೆ ಬಂದಿದ್ದೆ. ಏನದು?" ಎಂದು ಕೇಳಿದೆ. ನನ್ನ ದನಿ ಗಟ್ಟಿಯೇ ಇತ್ತು. ಹೋಗುವವರೆಲ್ಲ ತಿರುಗಿ ನೋಡಿದರು.

"ಹೇಳ್ಬೇಕು ಅಂತಾನೇ ಬಂದೆ ಸಾರ್. ದಿನಾ ಹೇಳ್ಬೇಕು ಅಂದ್ಕೋತೀನಿ" ಎಂದಳು.

"ಮತ್ತೆ?"

"ಅಪ್ಪ ಬೇಡ ಅಂದ್ರು. ಹೇಳಿದ್ರೆ ಹೋದವರು ಎದ್ದು ಬರ್ತಾರಾ, ನಮಗೆ ನೀನೊಬ್ಳೇ ಇರೋದು ಅಂದ್ರು."

ನಾನು ನಿನಗೆ ಬರೆದದ್ದೂ ಅದೇ ಮಾತು, ಗಿಣಿ. ನಾಲ್ಕು ತಿಂಗಳಿಂದ ನಾನು ಶಾಪ ಹಾಕುತ್ತಿದ್ದದ್ದು ಹೆಡ್ ಡಾಕ್ಟರಿಗೆ, ಗುಮಾಸ್ತನಿಗೆ. ಏಳನೆಯ ಹಾಳೆಯನ್ನು ಅಡಗಿಸಿದವರಲ್ಲಿ ನನ್ನಂಥ ಒಬ್ಬ ಅಪ್ಪನೂ ಇದ್ದಾನೆ. ಒಳ್ಳೆಯವನೇ ಇರಬೇಕು. ಅವನೂ ನನ್ನ ಹಾಗೇ ರಾತ್ರಿಯೆಲ್ಲ ಹೊರಳಾಡಿ, ಬೆಳಗ್ಗೆ ಎದ್ದು ಅದನ್ನು ಹೇಳಿರಬೇಕು.

ಅವಳ ಬಸ್ಸು ಬಂತು, ಹತ್ತಿಸಿ ಬಂದೆ.

ನೀನು ಆ ಹೆಂಗಸಿಗೆ ಹೇಳು. ಚಾರ್ಟಿನ ಅಕ್ಷರದ ಬಗ್ಗೆಯೂ ಹೇಳು, ಎಲ್ಲರಿಗೂ ಹೇಳು. ಏನಾಗುತ್ತದೋ ನನಗೆ ಗೊತ್ತಿಲ್ಲ. ಎಲ್ಲ ಸರಿಹೋಗುತ್ತದೆ ಎಂದು ನಿನಗೆ ಸುಳ್ಳು ಹೇಳಲಾರೆ. ಬಾ ಎಂದರೆ ರೈಲು ಹತ್ತುತ್ತೇನೆ.

ನಿನ್ನ ಅಪ್ಪ


ಮೇ 11

ಅಪ್ಪ,

ಹೇಳಿದೆ.

ಹೆಡ್ ಸಿಸ್ಟರಿಗೆ ಮೊದಲೇ ತಿಳಿಸಿದೆ, ಹಿಂದಿನಿಂದ ಚುಚ್ಚಿದಂತಾಗಬಾರದೆಂದು. "ನೀನು ಮುಳುಗು, ನನ್ನನ್ನ ಯಾಕೆ ಎಳೀತೀಯ?" ಎಂದು ಅತ್ತರು. ಅವರಿಗೆ ಇನ್ನು ಎರಡು ವರ್ಷ ಸರ್ವಿಸ್ ಇದೆ.

ಲಾಂಡ್ರಿಗೇ ಹೋದೆ. ಒಳಗೆ ಹಬೆ, ತೂಗುಹಾಕಿದ ಬಿಳಿ ಬಟ್ಟೆಗಳ ಸಾಲು. ಆಕೆ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿಟ್ಟು, "ಏನ್ ಸಿಸ್ಟರ್ ಇಲ್ಲೀತನಕ?" ಎಂದು ಸಂತೋಷದಿಂದ ಸ್ಟೂಲು ಎಳೆದುಕೊಟ್ಟರು. ನಾನು ನಿಂತೇ ಹೇಳಿದೆ. ಚಾರ್ಟು, ಸೊನ್ನೆ, ನಲವತ್ತು, ಹೊಸ ಚಾರ್ಟು. ಯಾವುದನ್ನೂ ಬಿಡಲಿಲ್ಲ.

ಆಕೆ ಕೇಳಿದ್ದು ಒಂದೇ.

"ಹಾಗಾದ್ರೆ ನಾನು ಅವತ್ತು ತಿಂಡಿ ತರೋದು ತಡ ಮಾಡಿದ್ದಕ್ಕಲ್ವಾ?"

ನನಗೆ ಅರ್ಥವಾಗಲಿಲ್ಲ. ಆಕೆ ಹೇಳಿದರು: ಅವತ್ತು ಬಸ್ಸು ತಪ್ಪಿ ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದರಂತೆ. ದೊಡ್ಡ ಡಾಕ್ಟರು, "ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ಸಕ್ಕರೆ ಇಳಿದುಬಿಡುತ್ತಮ್ಮ" ಎಂದಿದ್ದರಂತೆ. ಅಂದಿನಿಂದ ಅತ್ತೆ ಮಾತು ಬಿಟ್ಟಿದ್ದಾರೆ. ಮಗ ಮುಖ ಕೊಟ್ಟು ಮಾತಾಡುವುದಿಲ್ಲ. "ನಾಲ್ಕು ತಿಂಗಳು, ಸಿಸ್ಟರ್. ನನ್ನಿಂದಾನೇ ಇವ್ರು ಹೀಗಾದ್ರು ಅಂತ ನಾನೇ ಒಪ್ಕೊಂಡಿದ್ದೆ" ಎಂದರು.

ಆಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿದರು. ಒಂದು ಕ್ಷಣ ನನಗೆ ಭಯವಾಯಿತು. ಅವರು ಅದನ್ನು ಪಕ್ಕಕ್ಕಿಟ್ಟು ಸ್ವಿಚ್ ಆರಿಸಿದರು. "ನಾನು ಕಂಪ್ಲೇಂಟ್ ಕೊಡ್ತೀನಿ. ನಿಮ್ಮ ಮೇಲೂ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ" ಎಂದರು. ಕೊಡಿ ಎಂದೆ. ಬಾಗಿಲವರೆಗೂ ಬಂದು, "ಮತ್ತೆ ಈ ಕಡೆ ಬರ್ಬೇಡಿ" ಎಂದರು.

ನನ್ನನ್ನು ಅಮಾನತು ಮಾಡಿದ್ದಾರೆ. ಜುಲೈ ಎರಡರಂದು ವಿಚಾರಣೆ. ವಾರ್ಡಿನವರು ಯಾರೂ ನನ್ನ ಹತ್ತಿರ ಮಾತಾಡುತ್ತಿಲ್ಲ, ಹೊಸ ಹುಡುಗಿಯ ಹೊರತು. ಅವಳು ಮೊನ್ನೆ ರೂಮಿಗೆ ಬಂದಿದ್ದಳು. ಈಗ ಚಾರ್ಟಿನಲ್ಲಿ 'ಯೂನಿಟ್' ಎಂದು ಪೂರ್ತಿಯಾಗಿ ಬರೆಯುತ್ತಿದ್ದಾರಂತೆ. ನಮ್ಮ ವಾರ್ಡಿನಲ್ಲಿ ಮಾತ್ರ. ಮೇಲಿನ ಮಹಡಿಯಲ್ಲಿ ಇನ್ನೂ ಹಳೆಯ ಹಾಗೇ.

ನೀವು ಬನ್ನಿ, ಅಪ್ಪ.

ಗಿಣಿ


ಜೂನ್ 14

ಪ್ರೀತಿಯ ಗಿಣಿ,

ಮೂವತ್ತನೇ ತಾರೀಖಿನ ರೈಲಿಗೆ ಟಿಕೆಟ್ ಆಗಿದೆ. ವಿಚಾರಣೆಯ ಕೋಣೆಯೊಳಗೆ ಬಿಡದಿದ್ದರೆ ಬಾಗಿಲ ಹೊರಗೆ ನಿಂತಿರುತ್ತೇನೆ. ನಿಂತು ಅಭ್ಯಾಸವಾಗಿದೆ.

ಇಲ್ಲಿ ನನ್ನ ದೂರಿಗೆ ಆಸ್ಪತ್ರೆಯವರು ಲಿಖಿತ ಉತ್ತರ ಕೊಟ್ಟಿದ್ದಾರೆ: 'ಚಿಕಿತ್ಸೆಯಲ್ಲಿ ಯಾವುದೇ ಲೋಪ ಕಂಡುಬಂದಿಲ್ಲ.' ಕೆಳಗೆ ಮೂರು ಸಹಿ. ಅದನ್ನು ಹಿಡಿದು ಹೊರಗೆ ಬರುವಾಗ ದಾಖಲೆ ಕೋಣೆಯ ಮುಂದೆ ಇನ್ನೊಬ್ಬರು ಕಾಯುತ್ತಿದ್ದರು. ಮುದುಕಿ, ಕೈಯಲ್ಲಿ ಅರ್ಜಿ. ಗುಮಾಸ್ತ ಆಕೆಗೆ ಕುರ್ಚಿ ಕೊಟ್ಟಿದ್ದ. ಮೊದಲ ದಿನವಿರಬೇಕು. ಏನಾಯಿತಮ್ಮ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ನಮ್ಮ ಮನೆ ವಿಳಾಸ ಬರೆದುಕೊಟ್ಟು ಬಂದೆ.

ನಿನ್ನೆ ಮಚ್ಚೆಯ ಹುಡುಗಿ ಮನೆಗೆ ಬಂದಳು. ಜೊತೆಗೆ ಅವಳ ಅಪ್ಪ. ಅವನು ಗೇಟಿನ ಹೊರಗೇ ನಿಂತ, ತಲೆ ಎತ್ತಲಿಲ್ಲ. ಕರೆದರೂ ಒಳಗೆ ಬರಲಿಲ್ಲ. ನಿನ್ನ ಲಾಂಡ್ರಿಯ ಕಥೆಯನ್ನು ನಾನೇ ಅವಳಿಗೆ ಹೇಳಿದ್ದೆ, ಹೋದ ತಿಂಗಳು, ಅದೇ ಕಲ್ಲುಬೆಂಚಿನ ಮೇಲೆ. ಅವಳು ನಾಲ್ಕು ಹಾಳೆ ಬರೆದು ಸಹಿ ಹಾಕಿ ತಂದಿದ್ದಳು. ನೀನು ಹೇಳಿದ್ದೇ ನಿಜ. ಪೊಟ್ಯಾಸಿಯಂ. ಎರಡು ಸೀಸೆಗಳೂ ಒಂದೇ ಖಾನೆಯಲ್ಲಿರುತ್ತವಂತೆ, ಇವತ್ತಿಗೂ. ಏಳನೆಯ ಹಾಳೆಯಲ್ಲಿ ಅವಳು ಅದನ್ನು ಅವತ್ತೇ ಬರೆದಿದ್ದಳಂತೆ. ಸಂಜೆಯ ಹೊತ್ತಿಗೆ ಆ ಹಾಳೆಯೇ ಇರಲಿಲ್ಲವಂತೆ. ಈ ಹಾಳೆಗಳಿಂದ ಅವಳ ಗತಿ ಏನಾಗುತ್ತದೋ. ವಕೀಲರ ಹತ್ತಿರ ಹೋಗುವ ಮುಂಚೆ ಮೂರು ಸಲ ಕೇಳಿದೆ, "ಕೊಡ್ಲಾ ಮಗಳೇ?" ಎಂದು. ಮೂರು ಸಲವೂ ಹೂಂ ಎಂದು ತಲೆಯಾಡಿಸಿದಳು.

ಓದುವಾಗ ನನಗೆ ಅಳು ಬರಲಿಲ್ಲ. ಹಗುರವೂ ಆಗಲಿಲ್ಲ. ಯಾಕೆ ನಿಂತಿತು ಎಂಬುದು ಗೊತ್ತಾಯಿತು, ಅಷ್ಟೇ. ಕೊನೆಯ ಹಾಳೆಗೆ ಬರುವವರೆಗೂ ಅಷ್ಟೇ. ಅದನ್ನು ಇದ್ದ ಹಾಗೇ ಇಲ್ಲಿ ಇಳಿಸುತ್ತೇನೆ.

'ನೀವು ಡಾಕ್ಟರನ್ನು ಕರೆಯಲು ಓಡಿದ ಮೇಲೆ ನಾನು ಸೂಜಿ ಕೀಳಲು ಹೋದೆ. ಆಗಲಿಲ್ಲ. ಅಳುತ್ತಿದ್ದೆ. ಅಮ್ಮನವರು ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. "ಗಾಬರಿ ಆಗ್ಬೇಡ ಮಗು. ನನ್ನ ಮಗಳೂ ನಿನ್ನ ಹಾಗೇ ಸಿಸ್ಟರ್" ಎಂದರು. ಆಮೇಲೆ ಅವರ ಹಿಡಿತ ಸಡಿಲವಾಯಿತು.'

ಆರು ತಿಂಗಳು ಈ ಮಾತು ನಮಗೆ ಸಿಗದೆ ಆ ಹುಡುಗಿಯ ಹೊಟ್ಟೆಯೊಳಗೆ ಕೂತಿತ್ತು. ನಿನಗೆ ಸೇರಬೇಕಾದದ್ದು, ಕಳಿಸಿದ್ದೇನೆ.

ನಿನ್ನ ಅಪ್ಪ